ನಮ್ಮ ಬಾಗಿಲು ದಾಟಿ ಹೋದ ಕುಕ್ಕರು

ಪ್ರಾಮಾಣಿಕತೆ ಪಾಠ ಮಾಡೋನ ಬದುಕಲ್ಲಿ ಇಂಥವು ಆಗ್ತಾನೇ ಇರ್ತವೆ, ಏನೂ ಮಾಡೋಕಾಗಲ್ಲ. ರಾಮನಗರದ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ರಾಜ್ಯಶಾಸ್ತ್ರ ಹೇಳ್ತಿದ್ದೀನಿ. ಅದರಲ್ಲೂ ಅಮೆರಿಕದ ರಾಜಕೀಯದ ಪೇಪರನ್ನ ನನ್ನ ತಲೆಗೇ ಕಟ್ಟಿದ್ದಾರೆ. ಅಲ್ಲಿ ಚುನಾವಣೆಗೆ ಯಾರು ದುಡ್ಡು ಕೊಡಬಹುದು, ಗೆದ್ದು ಬಂದೋರು ಯಾವ ಉಡುಗೊರೆ ತಗೋಬಹುದು, ಯಾವುದನ್ನ ತಗೋಬಾರದು, ಎಲ್ಲಾ ನನಗೆ ಬಾಯಿಪಾಠ. ಹಾಗಾಗಿ ಊರಲ್ಲಿ ಒಂದು ಹೆಸರು ಬಂದ್ಬಿಟ್ಟಿದೆ: ಆ ಮೇಷ್ಟ್ರು ಯಾರ ಹತ್ರಾನೂ ಏನೂ ತಗೊಳಲ್ಲ.

ತಗೊಳಲ್ಲ, ನಿಜ. ಆದರೆ ತಗೊಳ್ಳಿ ಅಂತ ಒಬ್ಬನಾದರೂ ಕೇಳಬೇಕೋ ಬೇಡವೋ? ಜನ್ಮದಲ್ಲಿ ಒಂದೇ ಒಂದು ಸಲ ಯಾರಾದರೂ ಏನಾದರೂ ಕೊಡೋಕೆ ಬರಬೇಕು, ನಾನು ಎದೆಯುಬ್ಬಿಸಿ 'ಬೇಡ' ಅನ್ನಬೇಕು. ಅಷ್ಟೇ ನನ್ನ ಆಸೆ. ಕೊಡೋರೇ ಇಲ್ಲದಿದ್ದರೆ ಪ್ರಾಮಾಣಿಕ ಅನ್ನಿಸಿಕೊಳ್ಳೋದು ಹೇಗೆ ಸ್ವಾಮಿ? ಉಳಿದೋರಿಗೆಲ್ಲ ಕರೆದು ಕೊಡ್ತಾರೆ ಅನ್ನೋ ಹೊಟ್ಟೆಕಿಚ್ಚು ಅಂತೀರಾ, ಅನ್ನಿ. ಹೌದು, ಹೊಟ್ಟೆಕಿಚ್ಚೇ.

ನಿಂತು ತಿಂದ ಮುದ್ದೆ

ಒಂದು ದಿನ ಸ್ಟಾಫ್ ರೂಮಿನಲ್ಲಿ ಬಾಯಿ ತಪ್ಪಿ ಒಂದು ವಿಷಯ ಹೇಳಿಬಿಟ್ಟೆ. ಅಮೆರಿಕದ ಸಂಸದರು ಲಾಬಿ ಮಾಡೋರ ಖರ್ಚಲ್ಲಿ ಕೂತು ಊಟ ಮಾಡೋ ಹಾಗಿಲ್ಲ. ಆದರೆ ಸಮಾರಂಭದಲ್ಲಿ ನಿಂತುಕೊಂಡು ಒಂದೆರಡು ತಿಂಡಿ ಬಾಯಿಗೆ ಹಾಕ್ಕೊಂಡರೆ ತಪ್ಪಿಲ್ಲ, ಅದು ಊಟ ಅನ್ನಿಸಿಕೊಳ್ಳಲ್ಲ.

ಆಗ ಚುನಾವಣೆ ಕಾಲ. ಕನಕಪುರ ರಸ್ತೆಯ ತೋಟವೊಂದರಲ್ಲಿ 'ಬೀಗರ ಊಟ' ಅಂತ ಶಾಮಿಯಾನ ಎದ್ದಿತ್ತು. ಮದುವೆ ಯಾರದ್ದು, ಬೀಗರು ಯಾರು, ಒಬ್ಬರಿಗೂ ಗೊತ್ತಿಲ್ಲ. ಊಟ ಹಾಕಿಸ್ತಿರೋ ಅಭ್ಯರ್ಥಿ ಯಾರು ಅನ್ನೋದು ಮಾತ್ರ ಎಲ್ಲರಿಗೂ ಗೊತ್ತು. ನಮ್ಮ ಕಾಲೇಜಿನ ಆರು ಜನಕ್ಕೆ ಕರೆ ಬಂತು. ನನಗೆ ಬರಲಿಲ್ಲ. ನೀತಿ ಸಂಹಿತೆ ಇದೆಯಲ್ಲ ಅಂತ ಅವರು ಹೆದರಿದಾಗ ಅರ್ಥಶಾಸ್ತ್ರದ ಮೇಷ್ಟ್ರು ಧೈರ್ಯ ಕೊಟ್ಟರಂತೆ, "ನಿಂತ್ಕೊಂಡು ತಿಂದ್ಬಿಡೋಣ ಬನ್ರಿ, ಅಮೆರಿಕದಲ್ಲೇ ನಡೆಯುತ್ತೆ!"

ಇಡೀ ಪಂಕ್ತಿ ಎಲೆ ಮುಂದೆ ಕೂತಿದ್ದರೆ ಇವರು ಆರು ಜನ ಶಾಮಿಯಾನದ ಕಂಬ ಒರಗಿಕೊಂಡು, ಕೈಲಿ ಪೇಪರ್ ತಟ್ಟೆ ಹಿಡಿದು ನಿಂತರಂತೆ. ಬೋಂಡ ಆದರೆ ನಿಂತು ತಿನ್ನಬಹುದು. ಬಿಸಿ ಮುದ್ದೆ, ಮಟನ್ ಸಾರು! ತಟ್ಟೆ ಬಗ್ಗಿತು, ಸಾರು ಶರ್ಟಿಗೆ ಇಳಿಯಿತು, ಒಬ್ಬರ ಮುದ್ದೆ ಉರುಳಿ ಚಪ್ಪಲಿ ಪಕ್ಕ ಬಿತ್ತು. ಸಾರು ಬಡಿಸೋ ಮುದುಕಪ್ಪ ಇವರನ್ನ ಮೇಲಿಂದ ಕೆಳಗೆ ನೋಡಿ, "ಯಾಕ್ ಸಾಮಿ, ಆರು ಜನಕ್ಕೂ ಮೂಲವ್ಯಾಧಿನಾ?" ಅಂದನಂತೆ. ಇವರು ಉತ್ತರ ಕೊಡೋದರೊಳಗೆ ಒಲೆ ಕಡೆ ತಿರುಗಿ ಕೂಗಿಯೇಬಿಟ್ಟ, "ಲೇ, ಕಂಬದ ತಾವ ನಿಂತವ್ರಲ್ಲ, ಅವ್ರಿಗೆ ಖಾರ ಒಸಿ ಕಮ್ಮಿ ಹಾಕ್ರಲಾ!"

ಸೋಮವಾರ ಇದನ್ನ ಹೇಳಿ ಆರು ಜನಾನೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಉರೀತಿತ್ತು. ರೂಲ್ಸು ನಂದು, ಮಟನ್ನು ಅವರದ್ದು.

ಮಾಗಡಿ ತರಬೇತಿ

ಪಂಚಾಯ್ತಿ ಸದಸ್ಯರಿಗೆ ಆಡಳಿತದಲ್ಲಿ ನೈತಿಕತೆ ಬಗ್ಗೆ ಒಂದು ದಿನದ ತರಬೇತಿ, ಮಾಗಡಿಯಲ್ಲಿ. ನನ್ನನ್ನ ಇಂಥದ್ದಕ್ಕೆ ಮಾತ್ರ ಮರೆಯದೆ ಕರೀತಾರೆ. ಅಮೆರಿಕದಲ್ಲಿ ಅಭ್ಯರ್ಥಿಗೆ ದೊಡ್ಡ ದೇಣಿಗೆ ಕೊಟ್ಟೋರ ಹೆಸರು, ಕಸುಬು, ಮೊತ್ತ ಎಲ್ಲಾ ಬಹಿರಂಗ ಮಾಡಬೇಕು, ಯಾರು ಬೇಕಾದರೂ ನೋಡಬಹುದು ಅಂತ ಗಂಭೀರವಾಗಿ ಹೇಳ್ತಿದ್ದೆ. ಗುಡೇಮಾರನಹಳ್ಳಿ ಕಡೆಯ ಸದಸ್ಯರೊಬ್ಬರು ನಿದ್ದೆಯಿಂದ ಎದ್ದು ಕೂತರು.

"ಅಂದ್ರೆ ಸಾ, ಇಸ್ಕೊಂಡಿದ್ನ ಅವ್ರೇ ಹೇಳ್ಕೊತಾರಾ?"

"ಹೇಳಲೇಬೇಕು. ಕಾನೂನು."

"ಹೇಳ್ಕೊಂಡ್ ಮ್ಯಾಕೆ ಜೈಲಿಗೆ ಹಾಕಲ್ವಾ?"

"ಇಲ್ಲ, ನಿಯಮದ ಪ್ರಕಾರ ತಗೊಂಡಿದ್ದರೆ ಯಾಕೆ ಹಾಕ್ತಾರೆ?"

"ಒಬ್ನೇ ಆಸಾಮಿ ಎರಡೂ ಪಾರ್ಟಿಗೆ ಕೊಟ್ರೆ?"

"ಎರಡೂ ಕಡೆ ಹೆಸರು ಬರುತ್ತೆ."

ಆತ ಕಣ್ಣು ಮುಚ್ಚಿ, ಉಸಿರು ಬಿಟ್ಟು, ಪಕ್ಕದವರ ಕೈ ಹಿಡಿದುಕೊಂಡರು. "ಕೇಳ್ದೇನ್ಲಾ? ಹಗಲೊತ್ತಲ್ಲಿ, ಹೆಸರು ಹಾಕ್ಸಿ ಇಸ್ಕೋತಾರಂತೆ ಕಣ್ಲಾ. ನಾವೂ ಇದೀವಿ, ಟವೆಲ್ ಅಡೀಲಿ ಇಸ್ಕೊಂಡು ಸಾಯ್ತೀವಿ!" ಅಂದರು. ಇಡೀ ಹಾಲು ಲೊಚಗುಟ್ಟಿತು. ಅಮೆರಿಕದ ಮೇಲೆ ಅಷ್ಟು ಹೊಟ್ಟೆಕಿಚ್ಚು ಪಟ್ಟ ಮುಖಗಳನ್ನ ನಾನು ಒಂದೇ ಕಡೆ ನೋಡಿದ್ದು ಅವತ್ತೇ.

ಸಂಜೆ ಅಭಿಪ್ರಾಯದ ಫಾರಂ ಓದಿದೆ. ಆತ ಬರೆದಿದ್ದರು: "ತರಬೇತಿ ಬಹಳ ಚೆನ್ನಾಗಿತ್ತು. ಈ ನೈತಿಕತೆ ನಮ್ಮ ತಾಲ್ಲೂಕಿಗೂ ಬೇಗ ಬರಲಿ."

ಖಾಲಿಯಾದ ತವಾ

ಆಮೇಲೆ ನಗರಸಭೆ ಚುನಾವಣೆ. ನಮ್ಮ ವಾರ್ಡಿನ ಕಾರ್ಯಕರ್ತ ಮನೆಮನೆಗೂ ದೋಸೆ ತವಾ ಹಂಚಿಕೊಂಡು ಬಂದ. ನನ್ನ ಹೆಂಡತಿ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವನು "ನಮಸ್ಕಾರ ಮೇಡಂ, ಚೆಂದಾಗಿದೀರಾ?" ಅಂತ ಕೈ ಮುಗಿದು, ನಮ್ಮ ಮನೆ ದಾಟಿ ಪಕ್ಕದ ಮನೆಗೆ ಹೋದ. ಪಕ್ಕದವರು ಬಿಡದಿ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಅವರ ಹೆಂಡತಿ ಮಾರನೇ ದಿನ ಹೊಸ ತವಾದಲ್ಲಿ ಹುಯ್ದ ದೋಸೆ ಎರಡು ತಂದುಕೊಟ್ಟು, "ಒಂಚೂರೂ ಅಂಟಲ್ಲ ರೀ" ಅಂದು ಹೋದರು. ನನ್ನವಳು ದೋಸೆ ತಿಂದಳು, ನನ್ನ ಹತ್ರ ಎರಡು ದಿನ ಮಾತಾಡಲಿಲ್ಲ.

ತಡೆಯೋಕಾಗದೆ ಕಾರ್ಯಕರ್ತನನ್ನ ಟೀ ಅಂಗಡಿ ಮುಂದೆ ಹಿಡಿದೆ. "ಏನಯ್ಯ, ನಮ್ಮ ಮನೆ ಕಣ್ಣಿಗೆ ಕಾಣಲಿಲ್ವಾ?"

"ನೀವು ಬ್ಯಾಡ ಅಂತೀರಲ್ಲ ಸಾ!"

"ಅಂತೀನಿ. ಅದನ್ನ ನಾನು ಹೇಳಬೇಕು ಕಣಯ್ಯ, ನೀನಲ್ಲ!"

ಅವನು ಟೀ ಲೋಟ ಕೆಳಗಿಟ್ಟ. "ಸರಿ ಸಾ, ಬೇಜಾರು ಮಾಡ್ಕೋಬ್ಯಾಡಿ. ಈಗ ಹೇಳ್ಬುಡಿ."

"ಏನಂತ?"

"ತವಾ ಬ್ಯಾಡ ಅಂತ."

"ತವಾ ಎಲ್ಲಿ?"

"ಖಾಲಿ ಆಗೋಯ್ತು ಸಾ."

ಮಧ್ಯಾಹ್ನ ಎರಡು ಗಂಟೆ

ಇದಾಗಿ ಸ್ವಲ್ಪ ಕಾಲಕ್ಕೆ ವಿಧಾನಸಭೆ ಚುನಾವಣೆ. ಭಾನುವಾರ ಮಧ್ಯಾಹ್ನ ಎರಡು ಗಂಟೆ, ಹಂಚೋ ಮಾಲು ಹಿಡಿಯೋ ತಪಾಸಣೆ ತಂಡದವರು ಊಟಕ್ಕೆ ಹೋಗೋ ಹೊತ್ತು. ನಮ್ಮ ಗೇಟಿನ ಮುಂದೇನೇ ಗೂಡ್ಸ್ ಆಟೋ ನಿಂತಿತು. ಅದೇ ಕಾರ್ಯಕರ್ತ, ಕೈಯಲ್ಲಿ ಹೊಸ ಕುಕ್ಕರಿನ ಡಬ್ಬ. ಪಕ್ಕದ ಮನೆ ಕಡೆ ತಿರುಗಲಿಲ್ಲ, ನೆಟ್ಟಗೆ ನಮ್ಮ ಮೆಟ್ಟಿಲು ಹತ್ತಿದ. ಹೆಂಡತಿ ಪರದೆ ಹಿಂದೆ ಬಂದು ನಿಂತಳು.

ಎದ್ದು ನಿಂತು, ಪಂಚೆ ಸರಿ ಮಾಡಿಕೊಂಡು, ವರ್ಷಗಳಿಂದ ಕಾದಿಟ್ಟ ಭಾಷಣ ಶುರು ಮಾಡಿದೆ. "ನೋಡಯ್ಯ, ಒಬ್ಬ ಪ್ರಜೆಯ ಮತ ಮಾರಾಟಕ್ಕಿಲ್ಲ. ಉಡುಗೊರೆ ಅನ್ನೋದು ಉಡುಗೊರೆ ಅಲ್ಲ, ಅದೊಂದು ಒಪ್ಪಂದ. ಆದ್ದರಿಂದ ನಾನು ಇದನ್ನ..."

"ಸಾ, ಸಾ, ಇದು ನಿಮಗಲ್ಲ."

"ಮತ್ತೆ?"

"ಇಡೀ ಬೀದಿಗೆ ಬಂದಿರೋ ಮಾಲು. ಸಂಜೆ ಹಂಚೋಗಂಟ ನಿಮ್ಮನೇಲಿ ಇಟ್ಟಿರ್ತೀವಿ. ನಿಮ್ಮನೆ ಮ್ಯಾಲೆ ಯಾರ್ಗೂ ಅನುಮಾನ ಬರಾಕಿಲ್ಲ, ಅದುಕ್ಕೇಯ."

ಇಪ್ಪತ್ತೆರಡು ವರ್ಷದ ಪ್ರಾಮಾಣಿಕತೆ ಇವರಿಗೆ ಗೋಡೌನ್! ತಲೆ ಕೆಟ್ಟುಹೋಯಿತು. "ಆಗಲ್ಲಾ! ತಗೊಂಡು ಹೋಗಯ್ಯಾ!" ಅಂತ ಕೂಗಿದೆ ನೋಡಿ, ಮಲಗಿದ್ದ ಬೀದಿಯೆಲ್ಲ ಎದ್ದು ಹೊರಗೆ ಬಂತು. ಸೂಪರ್‌ವೈಸರ್ ಹೆಂಡತಿ, "ಸಂಜೆ ತನಕ ತಾನೇ ಸಾರ್, ಇಟ್ಕೊಳ್ಳಿ" ಅಂತ ಕೈಮುಗಿದರು. ನಾನು ಇನ್ನೂ ಜೋರು ಮಾಡಿದೆ. ಈ ಗಲಾಟೆಗೆ ತಪಾಸಣೆಯವರು ಬಂದೇಬಿಡ್ತಾರೆ ಅಂತ ಕಾರ್ಯಕರ್ತ ಹೆದರಿ, ಆಟೋ ತಿರುಗಿಸಿಕೊಂಡು ಅಷ್ಟೂ ಕುಕ್ಕರನ್ನ ಹಿಂದಿನ ಬೀದಿಗೆ ಹೊಡೆದುಕೊಂಡು ಹೋದ. ನಮ್ಮ ಬೀದಿಯವರು ನನ್ನನ್ನ ನುಂಗೋ ಹಾಗೆ ನೋಡಿ, ಒಬ್ಬೊಬ್ಬರೇ ಬಾಗಿಲು ಹಾಕ್ಕೊಂಡರು.

ಕೊನೆಗೂ 'ಬೇಡ' ಅಂದಿದ್ದೆ, ಆದರೆ ಖುಷಿ ಪಡೋಕೂ ಧೈರ್ಯ ಇಲ್ಲ. ಒಳಗೆ ಇನ್ನೊಂದು ಮಂಗಳಾರತಿ ಕಾದಿರುತ್ತೆ ಅಂತ ಮೆಲ್ಲಗೆ ಅಡುಗೆಮನೆಗೆ ಇಣುಕಿದರೆ ಘಮ್ ಅಂತ ತುಪ್ಪದ ವಾಸನೆ. ನನ್ನವಳು ಕೇಸರಿಬಾತ್ ಕೆದಕುತ್ತಿದ್ದಳು. ಅವಳ ಮುಖದಲ್ಲಿ ಅಂಥ ಕಳೆ ನಾನು ಮದುವೆ ದಿನವೂ ನೋಡಿರಲಿಲ್ಲ.

"ಏನೇ ಇದು, ಸಿಹಿ?"

"ಕುಕ್ಕರು ಪಕ್ಕದ ಮನೆಯೋಳಿಗೂ ಇಲ್ಲ, ಎದುರು ಮನೆಯೋಳಿಗೂ ಇಲ್ಲ. ಬೀದೀಲಿ ಯಾರಿಗೂ ಇಲ್ಲ! ನೀವು ಪಾಠ ಮಾಡೋ ಪ್ರಾಮಾಣಿಕತೇಲಿ ಇಷ್ಟು ಸುಖ ಇದೆ ಅಂತ ನಂಗೆ ಗೊತ್ತೇ ಇರಲಿಲ್ಲ ಕಣ್ರೀ."

ಎರಡು ಸೌಟು ಜಾಸ್ತೀನೇ ಬಡಿಸಿದಳು. ನಾನು ಮೊದಲ ತುತ್ತು ಬಾಯಿಗಿಡ್ತಿದ್ದ ಹಾಗೇ ಗೂಟದಿಂದ ನನ್ನ ಶರ್ಟು ತಂದು ಪಕ್ಕದಲ್ಲಿಟ್ಟಳು.

"ಬೇಗ ತಿಂದು ಹಾಕ್ಕೊಳ್ಳಿ. ಹಿಂದಿನ ಬೀದೀಲಿ ಇನ್ನೂ ಹಂಚಿಲ್ವಂತೆ. ಅಲ್ಲೂ ಹೋಗಿ ಒಂದ್ಸಲ ಕೂಗಿ ಬನ್ನಿ."