ಒಂದು ಕುಂಬಳಕಾಯಿ ನಲವತ್ತೊಂದಾದ ಬಗ್ಗೆ

ಇಂದ,
ಮಾದೇವ ಸುಕ್ರ ಗೌಡ
ಸಾಫ್ಟ್‌ವೇರ್ ನಿರ್ವಾಹಕ (ಸದ್ಯಕ್ಕೆ), ತೋಡೂರು

ಗೆ,
ಮಾನ್ಯ ಅಧ್ಯಕ್ಷರು
ತರಕಾರಿ ಬೆಳೆಗಾರರ ಸಂಘ, ಅಂಕೋಲಾ

ವಿಷಯ: ಏಳು ಹೋಳು ಮಾಡಿದ ಸಾಫ್ಟ್‌ವೇರನ್ನು ಮರಳಿ ಒಂದಾಗಿಸಲು ಅನುಮತಿ ಹಾಗೂ ಅರ್ಧ ದಿನದ ರಜೆ ಕೋರಿ.

ಉಲ್ಲೇಖ: ಚೌತಿಯ ಮರುದಿನ ತಾವು ನನಗೆ ಮೌಖಿಕವಾಗಿ ಬೈದದ್ದು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ಸಂಘದ ಸಾಫ್ಟ್‌ವೇರ್ ಒಂಬತ್ತು ವರ್ಷ ಒಂದೇ ಮುದ್ದೆಯಾಗಿ, ಅಂದರೆ ಮೊನೊಲಿಥ್ ಆಗಿ, ಯಾರ ತಂಟೆಗೂ ಹೋಗದೆ ನಡೆದಿತ್ತು. ಎರಡು ದಿನದ ತರಬೇತಿಗೆ ಹೋಗಿಬಂದ ನಾನು ಸದರಿಯದನ್ನು ಮೈಕ್ರೋಸರ್ವಿಸ್ ಎಂಬ ಏಳು ತುಂಡು ಮಾಡಿದೆ. ಆರ್ಡರಿಗೊಂದು, ದಾಸ್ತಾನಿಗೊಂದು, ರಿಕ್ಷಾ ಕಳಿಸಲೊಂದು, ಉತ್ತರ ತರಲೊಂದು. ಉಳಿದ ಮೂರು ಏಕೆಂದು ಈಗ ನೆನಪಿಲ್ಲ.

೨. ಚೌತಿಯ ಹಿಂದಿನ ದಿನ ಕಾರವಾರದ ಹಬ್ಬುವಾಡದ ಶ್ರೀ ಅಶೋಕ ಗೌಡರು ಗಣಪತಿಯ ಮೇಲೆ ಹಣ್ಣು-ತರಕಾರಿ ಕಟ್ಟುವ ಫಲಾವಳಿಗೆಂದು ಒಂದು ಕುಂಬಳಕಾಯಿ ಕೇಳಿದರು. ಅದೇ ದಿನ ನಾನು ಉತ್ತರ ತರುವ ಭಾಗವನ್ನು ರಿಪೇರಿಗೆ ಬಿಚ್ಚಿಟ್ಟು, ಮಂಟಪ ಕಟ್ಟಲು ಮನೆಗೆ ಹೋದೆ. ಒಂದು ಭಾಗ ನಿಂತರೂ ಉಳಿದವು ನಡೆಯುವುದೇ ಮೈಕ್ರೋಸರ್ವಿಸ್‌ನ ಹಿರಿಮೆ. ನಡೆದವು.

೩. ಕಾಯಿ ತಲುಪಿತೆಂಬ ಉತ್ತರ ಬಾರದ ಕಾರಣ ಆರ್ಡರ್ ಭಾಗವು ಹತ್ತು ನಿಮಿಷಕ್ಕೊಮ್ಮೆ ಮತ್ತೆ ಕೇಳಿತು. ಕೇಳಿದ ಕಾರಣ ರಿಕ್ಷಾ ಭಾಗವು ಮತ್ತೆ ಕಳಿಸಿತು. ಬೆಳಿಗ್ಗೆ ಒಂಬತ್ತರಿಂದ ಮೂರು ನಲವತ್ತರವರೆಗೆ ಹೀಗೆ ನಲವತ್ತೊಂದು ಕಾಯಿ ಹೋದವು. ಕಾಯಿ ಕಳಿಸುವ ನಮ್ಮ ಕಾರವಾರದ ಗೋದಾಮಿನವರಿಗೆ ಅನುಮಾನ ಬಂದಿತ್ತು. ಆದರೆ ಕಂಪ್ಯೂಟರ್ ಹೇಳಿದ್ದನ್ನು ಪ್ರಶ್ನಿಸಬಾರದೆಂದು ನಾನೇ ಸುತ್ತೋಲೆ ಹೊರಡಿಸಿದ್ದೆ.

೪. ಸದರಿ ಅಶೋಕ ಗೌಡರು ನನ್ನ ಭಾವೀ ಮಾವನವರು. ಹಬ್ಬ ಮುಗಿದ ಮೇಲೆ ಅವರ ಮಗಳು ವೈಜಯಂತಿಯೊಡನೆ ನನ್ನ ನಿಶ್ಚಿತಾರ್ಥವಿತ್ತು. ಅವರು ಫೋನಿನಲ್ಲಿ, "ತಮಾ, ಗಣಪತಿನ ಎಲ್ಲಿ ಕೂರ್ಸೂದು? ಕುಂಬಳಕಾಯಿ ಮೇಲಾ?" ಎಂದರು. ನಿಶ್ಚಿತಾರ್ಥದ ಸುದ್ದಿ ಎತ್ತಲಿಲ್ಲ.

೫. ಅಜ್ಜಿ ತಿಮ್ಮಿಗೆ ಎಲ್ಲ ಹೇಳಿದೆ. ನಮ್ಮ ಮನೆಯಲ್ಲಿ ಅಣ್ಣಂದಿರು ಬೇರೆಯಾಗಿ ಮೂರು ಒಲೆಗಳಿದ್ದರೂ ಚೌತಿಯ ಗಣಪತಿ ಮಾತ್ರ ಒಂದೇ. ಅಜ್ಜಿ, "ಬೇರೆ ಮಾಡೂಕೆ ಮುಂಚೆ ಯಾವ್ದು ಒಟ್ಟಿಗಿರ್ಬೇಕು ನೋಡೂದಲ್ವಾ?" ಎಂದಳು. ತರಬೇತಿಯಲ್ಲಿ ಇದನ್ನು ಹೇಳಿರಲಿಲ್ಲ.

೬. ನಾನು ವೈಜಯಂತಿಗೆ "ನಿಶ್ಚಿತಾರ್ಥ ಉಂಟೋ ಇಲ್ಲವೋ" ಎಂದು ಮೆಸೇಜ್ ಕಳಿಸಿದೆ. ಉತ್ತರ ಬಾರದ ಕಾರಣ ಮತ್ತೆ ಕಳಿಸಿದೆ. ಹನ್ನೆರಡನೆಯದಕ್ಕೆ ಅವಳೇ ಫೋನ್ ಮಾಡಿದಳು.

"ಉತ್ತರ ಬರ್ಲಿಲ್ಲ ಅಂದ್ರೆ ಮತ್ತೆ ಮತ್ತೆ ಕಳ್ಸೂದಲ್ಲ. ಬಂದು ಕೇಳೂದು."

ಆದ್ದರಿಂದ ಸಾಫ್ಟ್‌ವೇರನ್ನು ಒಂದೇ ಮಾಡಲು ಅನುಮತಿಯನ್ನೂ, ಅದಕ್ಕಿಂತ ಮುಂಚೆ ಹಬ್ಬುವಾಡಕ್ಕೆ ಹೋಗಿ ಒಂದೇ ಸಲ ಕೇಳಿ ಬರಲು ಇಂದು ಮಧ್ಯಾಹ್ನದ ರಜೆಯನ್ನೂ ದಯಪಾಲಿಸಬೇಕಾಗಿ ಪ್ರಾರ್ಥನೆ.

ತಾವು ಇನ್ನೂ ನಂಬುವುದಾದರೆ ತಮ್ಮ ವಿಶ್ವಾಸಿ,
ಮಾದೇವ ಸು. ಗೌಡ

ಲಗತ್ತುಗಳು:
೧. ನನ್ನ ಸುತ್ತೋಲೆ, ಹರಿದದ್ದು.
೨. ಕುಂಬಳಕಾಯಿ, ಒಂದು, ರಿಕ್ಷಾದವನು ಮರಳಿ ತಂದದ್ದು. (ಉಳಿದ ನಲವತ್ತು ಅಶೋಕ ಗೌಡರ ಜಗಲಿಯಲ್ಲಿ ಪರಿಶೀಲನೆಗೆ ಲಭ್ಯ.)

ವಿ.ಸೂ.: ತಮ್ಮ ಉತ್ತರ ಬಾರದಿದ್ದಲ್ಲಿ ಈ ಅರ್ಜಿಯನ್ನು ಮತ್ತೆ ಕಳಿಸುವುದಿಲ್ಲ. ತಮ್ಮ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ಎರಡೂವರೆಗೆ ಕಾರವಾರದ ಬಸ್ಸಿದೆ.