ಟೆಸ್ಟರ್ ತೆಗೆದ ಮಿಂಚುಳ್ಳಿ

ಎಲ್ಲಕ್ಕೂ ಮೂಲ ಆ ಲೆನ್ಸು. ಎಳೆದರೆ ಉದ್ದವಾಗುವ, ಯಾರೋ ಬಳಸಿ ಬೇಸತ್ತು ಮಾರಿದ ಅಗ್ಗದ ಜೂಮ್ ಲೆನ್ಸು. ಅದು ಮನೆಗೆ ಬಂದ ದಿನ ಹೆಂಡತಿ, "ಇದೇನಿದು, ಬೋರ್‌ವೆಲ್ಲಿನ ಪೈಪಾ?" ಎಂದಳು. ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಅವಳ ತಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಭಾವ, ಇದರಲ್ಲಿ ಆನೆ ತೆಗೆದರೂ ಮೋಡದ ಹಾಗೆ ಬರುತ್ತೆ" ಎಂದು ಕೆಳಗಿಟ್ಟ.

ಭಾವ ಹಾಲಿನ ಡೇರಿಯಲ್ಲಿ ಟೆಸ್ಟರ್. ಊರವರು ತಂದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿ, ನೀರು ಬೆರೆತಿದ್ದರೆ ಮುಖ ನೋಡದೆ ವಾಪಸು ಕಳಿಸುವವನು. ಅಂಥವನಿಗೆ ಭಾಮೈದನ ಮಾತು ತಡೆಯಲಾಗಲಿಲ್ಲ. ಡೇರಿಯ ಹೊಸ ಕ್ಯಾಲೆಂಡರಿಗೆ ಕೆರೆಯ ಮಿಂಚುಳ್ಳಿಯ ಫೋಟೋ ತಾನೇ ಕೊಡುತ್ತೇನೆಂದು ಎಲ್ಲರೆದುರು ಹೇಳಿಬಿಟ್ಟ.

"ಆಗಲಿಲ್ಲ ಅಂದ್ರೆ?" ಎಂದಳು ಹೆಂಡತಿ.

"ಆಗಲಿಲ್ಲ ಅಂದ್ರೆ ಈ ಲೆನ್ಸನ್ನ ನಿನ್ನ ತಮ್ಮನಿಗೇ ಕೊಟ್ಟುಬಿಡ್ತೀನಿ. ಮತ್ತೆ ಕ್ಯಾಮೆರಾ ಮುಟ್ಟಲ್ಲ."

ಇವತ್ತು ಕೊನೆಯ ದಿನ. ಮಧ್ಯಾಹ್ನಕ್ಕೆ ಕ್ಯಾಲೆಂಡರು ಪ್ರೆಸ್ಸಿಗೆ ಹೋಗಬೇಕು. ಇಲ್ಲಿಯವರೆಗೆ ತೆಗೆದದ್ದರಲ್ಲೆಲ್ಲ ಹಕ್ಕಿ ಇರಬೇಕಾದ ಕಡೆ ನೀಲಿ ಶಾಯಿ ಚೆಲ್ಲಿದಂತಿತ್ತು. ಕೆಡಿಸಿ ಕೆಡಿಸಿ ಟೆಸ್ಟರ್ ಒಂದಿಷ್ಟು ಕಲಿತಿದ್ದ. ಈ ಲೆನ್ಸನ್ನು ಕೊನೆಯತನಕ ಎಳೆಯಬಾರದು, ಎಳೆದರೆ ಮಂಕಾಗುತ್ತದೆ. ಬೆಳಕು ಬೆನ್ನ ಹಿಂದಿರಬೇಕು. ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯನ್ನು ಸಣ್ಣದು ಮಾಡಬೇಕು, ಆಗ ಹಕ್ಕಿಯ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಾಣುತ್ತದೆ. ಕೈ ನಡುಗಬಾರದು.

ಬೆಳಿಗ್ಗೆ ರಜೆ ಹಾಕಿ, ಕೆರೆ ಏರಿಯ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ಲೆನ್ಸು ಊರಿ ಬೋರಲು ಮಲಗಿದ. ಎದುರಿಗೆ ಜೊಂಡಿನ ಮುಂದೆ ಒಂದು ಒಣಗೂಟ. ಮಿಂಚುಳ್ಳಿ ಬಂದು ಕೂರುವುದು ಅದರ ಮೇಲೆಯೇ.

ಮೊದಲು ಬಂದವರು ನಿವೃತ್ತ ಮೇಷ್ಟ್ರು. ಹೋದ ವಾರ ಅವರ ಮನೆಯ ಹಾಲು ಡೇರಿಯಿಂದ ವಾಪಸಾಗಿತ್ತು.

"ಏನಪ್ಪಾ ಟೆಸ್ಟರು, ಕೆರೇಲಿ ಹಾಲೆಷ್ಟಿದೆ ಅಂತ ನೋಡ್ತಿದ್ದೀಯೋ?"

"ಮೆಲ್ಲಗೆ ಮೇಷ್ಟ್ರೇ, ಹಕ್ಕಿ ಬರಲ್ಲ."

"ಬಂದ್ರೂ ಏನು? ನೀರು ಜಾಸ್ತಿ ಅಂತ ವಾಪಸು ಕಳಿಸ್ತೀಯ." ಮೇಷ್ಟ್ರು ಹೋಗಲಿಲ್ಲ. ಕೊಡೆ ಊರಿಕೊಂಡು ಅಲ್ಲೇ ಕುಳಿತರು.

ಹೊತ್ತು ಏರಿತು. ಹಕ್ಕಿ ಒಮ್ಮೆ ಬಂತು, ಮೇಷ್ಟ್ರು ಸೀನಿದರು, ಹೋಯಿತು. ಟೆಸ್ಟರ್‌ನ ಮೊಣಕೈ ಮರಗಟ್ಟಿತು. ಕ್ಯಾಮೆರಾದ ಬ್ಯಾಟರಿ ಕೆಂಪಗೆ ಮಿಣುಕತೊಡಗಿತು.

ಅಷ್ಟರಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಒದ್ದೆ ದುಪ್ಪಟಿ ಹಿಡಿದು ದಡದಡ ಏರಿ ಹತ್ತಿ ಬಂದಳು.

"ಯಾರ ಕಡೆ ತಿರುಗಿಸಿದ್ದೀಯೋ ಆ ಕೊಳವೆಯನ್ನ?"

"ಅಕ್ಕಾ, ಹಕ್ಕಿ ಅಕ್ಕಾ!"

"ಯಾರನ್ನೋ ಹಕ್ಕಿ ಅನ್ನೋದು?" ದುಪ್ಪಟಿ ಹಗ್ಗದಂತೆ ಹುರಿಗೊಂಡು ಮೇಲೆದ್ದಿತು. "ಬಟ್ಟೆ ಒಗೆಯೋ ಹೆಂಗಸರನ್ನ ಕದ್ದು ನೋಡೋನೆ!"

"ಬಿಡಬೇಡಮ್ಮ, ವಿಚಾರಿಸು," ಎಂದರು ಮೇಷ್ಟ್ರು, ಸಂತೋಷದಿಂದ.

ಆ ಗಳಿಗೆಗೆ ಸರಿಯಾಗಿ ನೀಲಿಯೊಂದು ನೀರ ಮೇಲೆ ಗೀರಿದಂತೆ ಬಂದು ಗೂಟದ ಮೇಲೆ ಕುಳಿತಿತು. ಕೊಕ್ಕಿನಲ್ಲಿ ಮೀನು, ಇನ್ನೂ ಒದ್ದಾಡುತ್ತಿತ್ತು. ಹೆಂಗಸು ಎತ್ತಿದ ಕೈ ಎತ್ತಿದಂತೆಯೇ ನಿಂತಳು. "ಅಯ್ಯೋ, ಬಂತು ಕಣೋ! ತೆಗಿ, ತೆಗಿ!" ಎಂದು ಪಿಸುಗುಟ್ಟಿದಳು. ದುಪ್ಪಟಿಯ ನೀರು ಟೆಸ್ಟರ್‌ನ ಕತ್ತಿನ ಮೇಲೆ ತೊಟ್ಟಿಕ್ಕಿ ಬೆನ್ನಿಗಿಳಿಯಿತು. ಅವನು ಅಲುಗಲಿಲ್ಲ. ಉಸಿರು ಹಿಡಿದ. ಒತ್ತಿದ. ಕ್ಯಾಮೆರಾ ಒಮ್ಮೆ ಕ್ಲಿಕ್ಕೆಂದು ಕಣ್ಣು ಮುಚ್ಚಿತು. ಬ್ಯಾಟರಿ ಮುಗಿದಿತ್ತು.

ಫೋಟೋ ಬಂತೋ ಇಲ್ಲವೋ ನೋಡಲೂ ಆಗದೆ ಸೈಕಲ್ಲು ತುಳಿದು ಡೇರಿಗೆ ಬಂದ. ಸೆಕ್ರೆಟರಿಯ ಕೋಣೆಯಲ್ಲಿ ಭಾಮೈದ ಆಗಲೇ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಕ್ಯಾಲೆಂಡರಿಗೆಂದು ಅವನೂ ತಂದಿದ್ದ ಫೋಟೋದಲ್ಲಿ, ಹಿಮದ ಬೆಟ್ಟ ಬರೆದ ಸ್ಟುಡಿಯೋ ಪರದೆಯ ಮುಂದೆ ಒಂದು ಕರು ಬೆರಗಾಗಿ ನಿಂತಿತ್ತು.

"ಬನ್ನಿ ಭಾವ. ಮೋಡ ತಂದ್ರಾ?"

ಟೆಸ್ಟರ್ ಕ್ಯಾಮೆರಾದ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದ. ಪರದೆಯ ಮೇಲೆ ಮಿಂಚುಳ್ಳಿ ಮೂಡಿತು. ಒಂದೊಂದು ಗರಿಯನ್ನೂ ಎಣಿಸುವಂತಿತ್ತು. ಮೀನಿನ ಕಣ್ಣು ಹೊಳೆಯುತ್ತಿತ್ತು.

"ಭೇಷ್!" ಸೆಕ್ರೆಟರಿ ಎದ್ದೇ ನಿಂತರು. "ಇದೇ ಕ್ಯಾಲೆಂಡರಿಗೆ. ನಿನ್ನ ಹೆಸರು ಕೆಳಗೆ ದಪ್ಪಕ್ಷರದಲ್ಲಿ."

ಟೆಸ್ಟರ್‌ನ ಎದೆ ಉಬ್ಬಿತು. ಆಗ ಅವನ ಕಣ್ಣು ಹಕ್ಕಿಯ ಬೆನ್ನಿನಿಂದ ಹಿಂದಕ್ಕೆ ಸರಿಯಿತು. ಜೊಂಡಿನ ಸಂದಿಯಲ್ಲಿ, ಕೆರೆಯ ಮೆಟ್ಟಿಲ ಮೇಲೆ, ಯಾರೋ ಬಗ್ಗಿದ್ದರು. ಪಕ್ಕದಲ್ಲಿ ಬಾಯಿ ತೆರೆದ ಹಾಲಿನ ಕ್ಯಾನು. ಕೈಯಲ್ಲಿ ತಂಬಿಗೆ. ತಂಬಿಗೆಯಿಂದ ಕ್ಯಾನಿಗೆ ಇಳಿಯುತ್ತಿದ್ದ ನೀರಿನ ಧಾರೆ ಬೆಳ್ಳಿಯ ದಾರದಂತೆ ಸ್ಪಷ್ಟವಾಗಿತ್ತು.

ದುಬಾರಿ ಲೆನ್ಸಾಗಿದ್ದರೆ ಹಿಂದಿನದೆಲ್ಲ ಮಂಜಾಗಿ ಕರಗಿಹೋಗುತ್ತಿತ್ತು. ಕಿಂಡಿ ಸಣ್ಣದು ಮಾಡಿದ್ದರಿಂದ ಹಕ್ಕಿಯ ಜೊತೆ ಹಿಂದಿನದೂ ಬಂದು ಕೂತಿತ್ತು.

"ಹಿಂದೆ ಏನೋ ಇದೆಯಲ್ಲ?" ಸೆಕ್ರೆಟರಿ ಕನ್ನಡಕ ಹುಡುಕತೊಡಗಿದರು. "ದೊಡ್ಡದು ಮಾಡಿ ನೋಡೋಣ."

"ನಾನು ಮಾಡ್ತೀನಿ ಸರ್!" ಕೊರತೆ ಸಿಕ್ಕಿತೆಂದು ಭಾಮೈದ ಮೌಸಿಗೆ ಕೈ ಹಾಕಿದ. ಚಿತ್ರ ಹಿಗ್ಗಿತು. ಸೀರೆಯ ಅಂಚು ಬಂತು. ಬಳೆ ಬಂತು. ಮುಖ ಬಂತು. ಭಾಮೈದನ ಬೆರಳು ಮೌಸಿನ ಮೇಲೆ ಅಂಟಿಕೊಂಡಿತು. ಅದು ಅವನ ಅಕ್ಕ.

ಊರಿನಲ್ಲಿ ಲ್ಯಾಕ್ಟೋಮೀಟರ್ ಕಾಣದ ಕ್ಯಾನು ಅದೊಂದೇ. ಟೆಸ್ಟರ್‌ನ ಹೆಂಡತಿಯ ಹಾಲು ಪರೀಕ್ಷಿಸುವ ಧೈರ್ಯ ಡೇರಿಯಲ್ಲಿ ಯಾರಿಗೂ ಇರಲಿಲ್ಲ, ಟೆಸ್ಟರ್‌ಗೂ ಇರಲಿಲ್ಲ.

ಸೆಕ್ರೆಟರಿ ಕನ್ನಡಕ ಏರಿಸಿ ತಿರುಗುವಷ್ಟರಲ್ಲಿ ಟೆಸ್ಟರ್ ಕೈ ಚಾಚಿ ಫೋಟೋ ಅಳಿಸಿಬಿಟ್ಟ.

"ಅಯ್ಯೋ, ಯಾಕಯ್ಯಾ?"

"ಸರಿಯಾಗಿ ಬಂದಿರಲಿಲ್ಲ ಸರ್. ಲೆನ್ಸು ಅಗ್ಗದ್ದು."

"ನಾನು ಆವತ್ತೇ ಹೇಳಿದ್ದೆ," ಎಂದ ಭಾಮೈದ. ಅವನ ಸ್ವರದಲ್ಲೂ ಜೀವವಿರಲಿಲ್ಲ. ಟೆಸ್ಟರ್ ಲೆನ್ಸು ಬಿಚ್ಚಿ ಅವನ ತೊಡೆಯ ಮೇಲಿಟ್ಟ. ಕರು ಪ್ರೆಸ್ಸಿಗೆ ಹೋಯಿತು.

ಮನೆಯಲ್ಲಿ ಹೆಂಡತಿ ಅವನ ಖಾಲಿ ಕೈ ನೋಡಿ ಎಲ್ಲ ತಿಳಿದುಕೊಂಡಳು.

"ಹೋಗ್ಲಿ ಬಿಡ್ರಿ. ಅಷ್ಟು ದೂರದ್ದು ಆ ಪೈಪಿಗೆ ಎಲ್ಲಿ ಕಾಣ್ಸುತ್ತೆ?" ಎಂದು ಒಳಗಿನಿಂದ ಲೋಟ ತಂದಿಟ್ಟಳು. "ಬಿಸಿಲಲ್ಲಿ ಬಂದಿದ್ದೀರ, ಹಾಲು ಕುಡೀರಿ."

ಟೆಸ್ಟರ್ ಲೋಟ ಎತ್ತಿದ. ಕೆನೆ ಮೀಸೆಗೆ ಅಂಟಿತು. ಮನೆಯ ಹಾಲು ಮಾತ್ರ ಬಲು ಗಟ್ಟಿಯಾಗಿತ್ತು.