ನಂದಕುಮಾರ ಮಾಡಿದ ಬಾಣಂತನ

ಎರಡನೆಯ ಮಗುವಿನ ವಿಷಯದಲ್ಲಿ ನಂದಕುಮಾರನಿಗೆ ಯಾರ ಸಲಹೆಯೂ ಬೇಕಿರಲಿಲ್ಲ. ಕೊಡುವುದಕ್ಕೇ ಅವನ ಹತ್ತಿರ ಬೇಕಾದಷ್ಟಿತ್ತು. ಹೆಂಡತಿ ಗೋಕಿಲಾಗೆ ಏಳು ತುಂಬಿ ಎಂಟಕ್ಕೆ ಬಿದ್ದ ದಿನದಿಂದ ಅವನು ತನ್ನನ್ನು ತಾನೇ ‘ಅನುಭವಸ್ಥ’ ಎಂದು ಕರೆದುಕೊಳ್ಳತೊಡಗಿದ್ದ. ತಿರುಪ್ಪೂರಿನ ಅವರ ಬೀದಿಯಲ್ಲಿ ಯಾರಾದರೂ ಹೆಂಗಸು ಬಾಗಿಲಲ್ಲಿ ನಿಂತು, ಕಾಲು ಊದಿದೆಯಾ, ಎದೆಯುರಿ ಇದೆಯಾ ಎಂದು ಗೋಕಿಲಾಳನ್ನು ಕೇಳಿದರೆ, ಉತ್ತರ ಒಳಗಿನಿಂದ ನಂದಕುಮಾರನೇ ಕೊಡುತ್ತಿದ್ದ.

“ಅದೆಲ್ಲ ಇರೋದೇ. ಮೊದಲನೇದ್ರಲ್ಲೂ ಹಾಗೇ ಇತ್ತು.”

ಮೊದಲನೆಯದರಲ್ಲಿ ಹೇಗಿತ್ತು ಎಂಬುದು ಅವನಿಗೆ ಗೊತ್ತಿರಲು ಕಾರಣವೇ ಇರಲಿಲ್ಲ. ಐದು ವರ್ಷದ ಹಿಂದೆ, ಮಗಳು ತೆನ್ಮೊಳಿ ಹುಟ್ಟುವಾಗ, ಪದ್ಧತಿಯಂತೆ ಗೋಕಿಲಾ ಉಡುಮಲೈಪೇಟೆಯ ತವರಿಗೆ ಹೋಗಿದ್ದಳು. ಐದು ತಿಂಗಳು ಅಲ್ಲೇ. ನಂದಕುಮಾರ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೋಗುವನು. ನಾಟಿಕೋಳಿ ಸಾರಿನಲ್ಲಿ ಉಂಡು, ಮಿಂದು ಪೌಡರ್ ಹಚ್ಚಿಸಿಕೊಂಡು ಮಲಗಿರುವ ಮಗುವನ್ನು ಹದಿನೈದು ನಿಮಿಷ ನೋಡುವನು. ಅತ್ತೆ ತುಂಬಿಕೊಟ್ಟ ತೆಂಗಿನಕಾಯಿಯ ಚೀಲ ಹಿಡಿದು ಸಂಜೆಯ ಬಸ್ಸಿಗೆ ಹಿಂದಿರುಗುವನು. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದರೆ ಅತ್ತೆ, “ಇರ್ಲಿ ಮಾಪ್ಳೆ, ನಿಮ್ಮ ಶರಟು ಹಾಳಾಗುತ್ತೆ” ಎನ್ನುವರು. (ಅಳಿಯನಿಗೆ ಅಲ್ಲಿ ಮಾಪ್ಳೆ ಎನ್ನುವುದು. ಆ ಪದವಿಯಲ್ಲಿರುವವರೆಗೆ ಶರಟಿಗೆ ಅಪಾಯವಿಲ್ಲ.) ಶರಟಿನ ಮೇಲೆ ಅಷ್ಟು ಕಾಳಜಿಯಿದ್ದ ನಂದಕುಮಾರ ಕೈ ಹಿಂತೆಗೆದುಕೊಳ್ಳುವನು.

ಅವನ ಉದ್ಯೋಗವೂ ಈ ಭ್ರಮೆಗೆ ಗೊಬ್ಬರ ಹಾಕಿತ್ತು. ಎಳೆಮಕ್ಕಳ ಅಂಗಿ ಹೊಲಿದು ಪರದೇಶಕ್ಕೆ ಕಳುಹಿಸುವ ಒಂದು ಕಾರ್ಖಾನೆಯಲ್ಲಿ ಅವನು ಚೆಕ್ಕಿಂಗ್ ವಿಭಾಗದ ಮುಖ್ಯಸ್ಥ. ಕುತ್ತಿಗೆ ಎಷ್ಟು ಹಿಗ್ಗಬೇಕು, ಒತ್ತುಗುಂಡಿ ಎಷ್ಟು ಎಳೆತ ತಡೆಯಬೇಕು, ಕಂಕುಳ ಬಳಿ ಹೊಲಿಗೆ ಎಷ್ಟು ಮೆತ್ತಗಿರಬೇಕು, ಎಲ್ಲ ಅವನ ಬೆರಳ ತುದಿಯಲ್ಲಿ. ಹದಿನಾಲ್ಕು ವರ್ಷದಲ್ಲಿ ಲಕ್ಷಾಂತರ ಪುಟ್ಟ ಅಂಗಿಗಳು ಅವನ ಕೈಯಲ್ಲಿ ಪಾಸಾಗಿದ್ದವು. ಒಳಗೆ ಮಗುವಿರುವ ಅಂಗಿ ಮಾತ್ರ ಒಂದೂ ಅವನ ಮೇಜಿಗೆ ಬಂದಿರಲಿಲ್ಲ.

ಎರಡನೆಯ ಹೆರಿಗೆ ಗಂಡನ ಮನೆಯ ಪಾಲಿನದು. ಅದೂ ಪದ್ಧತಿ. ಮನೆಯಲ್ಲಿ ನಂದಕುಮಾರನ ತಾಯಿ ರಾಮಾತಾಳ್ ಇದ್ದುದರಿಂದ ಯಾರಿಗೂ ಚಿಂತೆಯಿರಲಿಲ್ಲ. ನಾದಿನಿಯರ, ಅಕ್ಕಂದಿರ, ನೆರೆಯವರ ಮಕ್ಕಳನ್ನೆಲ್ಲ ಕಾಲ ಮೇಲೆ ಹಾಕಿಕೊಂಡು ಎರೆದು ಬೆಳೆಸಿದ ಕೈ ಅವರದು. ಮೈಸೂರು ಸೀಮೆಯಿಂದ ಯಾವ ಕಾಲದಲ್ಲೋ ಇಳಿದು ಬಂದು ಕೊಂಗುನಾಡಿನಲ್ಲಿ ಹೊಲ ಹೂಡಿದ ಮನೆತನ. ಮನೆಯೊಳಗೆ ಕನ್ನಡ, ಹೊಸಿಲಾಚೆ ತಮಿಳು. ರಾಮಾತಾಳ್ ಅವರದೊಂದು ವಿಶೇಷವಿತ್ತು. ಶಾಂತವಾಗಿದ್ದಾಗ ಅವರು ಕನ್ನಡ ಮಾತಾಡುತ್ತಿದ್ದರು. ಸಿಟ್ಟು ಬಂದರೆ ಹೊಸಿಲೊಳಗೇ ತಮಿಳು ಹೊರಡುತ್ತಿತ್ತು.

ದಿನ ಇನ್ನೂ ಹತ್ತು ಬಾಕಿ ಇರುವಾಗ ರಾಮಾತಾಳ್ ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಸಲು ಸ್ಟೂಲು ಹತ್ತಿದರು. ಬಾಣಂತಿಗೆ ಪ್ಲಾಸ್ಟಿಕ್ ಬಕೆಟ್ಟಿನ ನೀರು ಆಗಿಬರುವುದಿಲ್ಲ ಎಂಬುದು ಅವರ ಸಿದ್ಧಾಂತ. ತಾನು ಹತ್ತುತ್ತೇನೆಂದು ನಂದಕುಮಾರ ಮುಂದಾದ.

“ನೀನು ಹಿಡ್ಕೊ, ಅಷ್ಟು ಸಾಕು” ಎಂದರು ತಾಯಿ.

ಹಿಡಿದುಕೊಂಡ. ಅಷ್ಟರಲ್ಲಿ ಕಾರ್ಖಾನೆಯಿಂದ ಫೋನು. ಒಂದು ಲಾಟಿನ ಅಂಗಿಗಳಲ್ಲಿ ಗುಂಡಿ ಎಳೆದರೆ ಕಿತ್ತು ಬರುತ್ತಿದೆಯಂತೆ. “ಮಗುವಿನ ಸುರಕ್ಷತೆ ವಿಷಯದಲ್ಲಿ ರಾಜಿ ಅನ್ನೋ ಮಾತೇ ಇಲ್ಲ” ಎಂದು ನಂದಕುಮಾರ ಗುಡುಗಿದ. ಮಾತಿಗೆ ತೂಕ ಬರಲೆಂದು ಸ್ಟೂಲು ಹಿಡಿದಿದ್ದ ಇನ್ನೊಂದು ಕೈಯನ್ನೂ ಎತ್ತಿದ. ಹಂಡೆ ಹಾಸಿಗೆಯ ಮೇಲೆ ಉರುಳಿ ಕ್ಷೇಮವಾಗಿ ಕುಳಿತಿತು. ಮಗುವಿನ ಸುರಕ್ಷತೆಗೆ ನೇಮಕವಾಗಿದ್ದ ಏಕೈಕ ವ್ಯಕ್ತಿ ನೆಲದ ಮೇಲೆ ಉರುಳಿದರು. ಬಲ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ಆಸ್ಪತ್ರೆಯಿಂದ ಮನೆಯವರೆಗೆ ಆಟೋದಲ್ಲಿ ಪೂರ್ತಿ ತಮಿಳು.

ಗೋಕಿಲಾಳ ತಾಯಿಯನ್ನು ಕರೆಸೋಣವೆಂದರೆ, ಅಲ್ಲಿ ಅವಳ ತಂದೆಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಮಕ್ಕಳಿಗೆ ಎರೆಯುವ ಹೆಂಗಸೊಬ್ಬಳು ಎರಡು ಬೀದಿ ಆಚೆ ಇದ್ದಳು. ಅವಳು ಆಗಲೇ ನಾಲ್ಕು ಮನೆ ಒಪ್ಪಿಕೊಂಡಿದ್ದಳು. ಮೂವರೂ ಕುಳಿತು ಯೋಚಿಸಿದರು. ಮೊದಲು ಬಾಯಿಬಿಟ್ಟವಳು ಗೋಕಿಲಾ.

“ಯಾಕತ್ತೆ ಇಷ್ಟು ಯೋಚನೆ? ಅನುಭವಸ್ಥರು ಮನೇಲೇ ಇದ್ದಾರಲ್ಲ.”

ಇಬ್ಬರೂ ನಂದಕುಮಾರನನ್ನು ನೋಡಿದರು. ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ನಂದಕುಮಾರ ತಿರುಗಿ ನೋಡಿದ. ಗೋಡೆಯಿತ್ತು.

ನೋವು ಶುರುವಾದದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ.

“ಏನುಂಗ” ಎಂದು ಗೋಕಿಲಾ ಕರೆದಳು. ಆ ಕಡೆಯ ಹೆಂಗಸರು ಗಂಡನನ್ನು ಕರೆಯುವುದು ಹೀಗೇ. ಪ್ರಶ್ನೆಯೋ ಆಜ್ಞೆಯೋ ಎಂಬುದು ದನಿಯಿಂದ ತಿಳಿಯಬೇಕು. “ಹೊರಡೋಣ.”

“ಇದು ಸುಳ್ಳು ನೋವು” ಎಂದ ನಂದಕುಮಾರ. “ಮೊದಲನೇದಕ್ಕೆ ಹದಿನಾರು ಗಂಟೆ ಹಿಡೀತು.”

“ನೀವು ಬಂದಿದ್ದು ಹದಿನೇಳನೇ ಗಂಟೆಗೆ.”

ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಆಸ್ಪತ್ರೆಯ ಚೀಲವನ್ನು ಅವನು ವಾರದ ಹಿಂದೆಯೇ ಕಾರ್ಖಾನೆಯ ಪೆಟ್ಟಿಗೆ ತುಂಬುವ ಕ್ರಮದಲ್ಲೇ ಸಿದ್ಧಪಡಿಸಿದ್ದ. ಹೊರಡುವ ಮುನ್ನ ಪಟ್ಟಿ ಹಿಡಿದು ಒಂದೊಂದನ್ನೂ ತಾಳೆ ನೋಡುವುದು ನಿಯಮ. ಟವೆಲ್ ಆರು, ಸರಿ. ಫ್ಲಾಸ್ಕು ಒಂದು, ಸರಿ. ಹನ್ನೊಂದನೆಯ ಬಾಬತ್ತಿಗೆ ಬರುವ ಹೊತ್ತಿಗೆ ಹೊರಗೆ ಆಟೋ ಹಾರನ್ ಕೇಳಿಸಿತು. ಗೋಕಿಲಾ ತಾನೇ ಕರೆಸಿ, ಹತ್ತಿ ಕುಳಿತಿದ್ದಳು. ಪಕ್ಕದ ಮನೆಯ ಪೆರಿಯನಾಯಕಿ ಅವಳ ಜೊತೆಗಿದ್ದಳು. ನಂದಕುಮಾರ ಚೀಲ ಎದೆಗವಚಿಕೊಂಡು ಡ್ರೈವರ್ ಪಕ್ಕದಲ್ಲಿ ಅರ್ಧ ಕುಳಿತ, ಅರ್ಧ ಜೋತಾಡಿದ.

ಆಸ್ಪತ್ರೆ ತಲುಪಿ ನಲವತ್ತು ನಿಮಿಷಕ್ಕೆ ಗಂಡುಮಗು. ಅಷ್ಟರಲ್ಲಿ ನಂದಕುಮಾರ ಕೌಂಟರಿನಲ್ಲಿ ಫಾರ್ಮಿನ ಎರಡನೆಯ ಪುಟಕ್ಕೆ ಬಂದಿದ್ದ. ನರ್ಸು ಹೊರಗೆ ಬಂದು, ಮಗುವಿಗೆ ಬಟ್ಟೆ ಕೊಡಿ ಎಂದಳು. ಇದು ತನ್ನ ಕ್ಷೇತ್ರ. ತಾನೇ ಆರಿಸಿ, ತಾನೇ ಎಳೆದು ಪರೀಕ್ಷಿಸಿದ ಅಂಗಿಯನ್ನು ಅವನು ಹೆಮ್ಮೆಯಿಂದ ಚಾಚಿದ. ಆಗ ತಾನೇ ಹುಟ್ಟಿದ ಮಗುವಿನದೆಂದೇ ಅದರ ಕುತ್ತಿಗೆಪಟ್ಟಿಯಲ್ಲಿ ಅಚ್ಚಾಗಿತ್ತು. ಅದು ಯೂರೋಪಿನ ಮಗುವಿನ ಅಳತೆ ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ತಿರುಪ್ಪೂರಿನ ಮಗು ಅದರೊಳಗೆ ಹೊಕ್ಕು ಎಲ್ಲೋ ಕಾಣೆಯಾಯಿತು.

“ಇನ್ನೊಬ್ಬರಿಗೂ ಜಾಗ ಇದೆ ಸಾರ್” ಎಂದು ನರ್ಸು ಅಂಗಿಯನ್ನು ಮರಳಿ ಕೊಟ್ಟು ಹೋದಳು. ಮಗುವನ್ನು ಪೆರಿಯನಾಯಕಿಯ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ತಂದರು.

ನಂದಕುಮಾರ ಕಾರ್ಖಾನೆಗೆ ಒಂದು ತಿಂಗಳು ರಜೆ ಹಾಕಿದ. ಮನೆಗೆ ಬಂದ ಮೊದಲ ವಾರದಲ್ಲಿ ಅವನಿಗೆ ತಿಳಿದುಬಂದ ಸಂಗತಿಗಳಿಗೆ ಲೆಕ್ಕವಿಲ್ಲ. ಮಗು ಮಲಗಿದೆ ಎಂದರೆ ಎಲ್ಲರೂ ಮಲಗಬಹುದು ಎಂದಲ್ಲ. ಬಟ್ಟೆ ಒಗೆಯಬಹುದು ಎಂದು. ಬಾಣಂತಿಗೆ ಬೆಳ್ಳುಳ್ಳಿ ಸಾರು ಮಾಡಬೇಕಾದರೆ ಬೆಳ್ಳುಳ್ಳಿಯನ್ನು ಯಾರಾದರೂ ಸುಲಿಯಬೇಕಾಗುತ್ತದೆ. ಅಂಗಿಯ ತೋಳಿನೊಳಗೆ ಕೈ ತಾನಾಗಿ ಬರುವುದಿಲ್ಲ. ಐದು ಬೆರಳುಗಳೂ ಐದು ದಿಕ್ಕಿಗೆ ಹೊರಡುತ್ತವೆ. ಮೂರು ದಿನ ಹೆಣಗಿದ ಮೇಲೆ, ಹದಿನಾಲ್ಕು ವರ್ಷದಲ್ಲಿ ತಾನು ಪಾಸು ಮಾಡಿದ ಅಷ್ಟೂ ಅಂಗಿಗಳ ತೋಳನ್ನು ವಾಪಸು ಕರೆಸಬೇಕೆಂದು ಅವನಿಗೆ ಅನ್ನಿಸಿತು.

ಹೊಕ್ಕುಳಬಳ್ಳಿ ಬಿದ್ದು ಹೊಕ್ಕುಳು ಒಣಗಿತು. ಹನ್ನೆರಡನೆಯ ದಿನ ಎರೆಯುವ ಶಾಸ್ತ್ರ.

ರಾಮಾತಾಳ್ ಬಚ್ಚಲ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟು ಕುಳಿತರು. ನಂದಕುಮಾರ ಲುಂಗಿಯನ್ನು ತೊಡೆಯವರೆಗೆ ಮಡಚಿ, ಮಣೆಯ ಮೇಲೆ ಕಾಲು ನೀಡಿ ಕುಳಿತ. ಗೋಕಿಲಾ ಎಣ್ಣೆ ಹಚ್ಚಿದ ಮಗುವನ್ನು ತಂದು ಅವನ ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿದಳು. ಶಾಲೆಗೆ ಹೊರಟಿದ್ದ ತೆನ್ಮೊಳಿ ಚೀಲ ಹೆಗಲಿಗೇರಿಸಿಕೊಂಡೇ ಬಂದು ನಿಂತಳು.

“ಪಾದ ಜೋಡಿಸು” ಎಂದರು ರಾಮಾತಾಳ್. “ತಲೆ ಜಾರಬಾರದು. ಉಸಿರಾಡು.”

“ಮಗುನಾ?”

“ನೀನು.”

ನಂದಕುಮಾರ ಉಸಿರು ಬಿಟ್ಟ. ತಾಯಿ ಎಡಗೈ ಅದ್ದಿ ನೀರಿನ ಹದ ನೋಡಿ ತಲೆಯಾಡಿಸಿದರು. ಅವನು ಚೊಂಬಿನಲ್ಲಿ ನೀರೆತ್ತಿ, ಗಿಡಕ್ಕೆ ಹಾಕುವಂತೆ, ಬಹಳ ದೂರದಿಂದ ನಾಲ್ಕು ಹನಿ ಹಾಕಿದ.

“ಅಭಿಷೇಕ ಅಲ್ಲ ಕಣ್ಣು, ಸ್ನಾನ. ಹುಯ್ಯಿ.” (ಆ ಕಡೆ ಮುದ್ದಿಗೆ ಮಕ್ಕಳನ್ನು ಕಣ್ಣು, ಸಾಮಿ ಎನ್ನುವುದು.)

ಹುಯ್ದ. ಮಗು ಒಮ್ಮೆ ಬೆಚ್ಚಿ, ಬಾಯಿ ತೆರೆದು, ಅಳುವುದೋ ಬಿಡುವುದೋ ಎಂದು ಯೋಚಿಸಿತು. ನಂತರ ಎರಡನ್ನೂ ಬಿಟ್ಟು ಮೂರನೆಯದನ್ನು ಮಾಡಿತು. ಧಾರೆ ನೇರವಾಗಿ ನಂದಕುಮಾರನ ಗಲ್ಲಕ್ಕೆ ಬಂತು. ತೆನ್ಮೊಳಿ ನಕ್ಕು ನೆಲಕ್ಕೆ ಕುಸಿದಳು. ಅವನು ಮುಖ ಒರೆಸಿಕೊಳ್ಳಲು ಕೈ ಎತ್ತಿದ್ದೇ ತಡ, ರಾಮಾತಾಳ್ ಬಾಯಿಂದ ತಮಿಳು ಹೊರಟಿತು. ಸ್ಟೂಲಿನ ವಿಷಯ ಮತ್ತೆ ಬಂತು. ಅವನ ಎರಡೂ ಕೈ ಮಗುವಿನ ಮೇಲೆ ಮರಳಿದವು. ಬೆನ್ನು, ಕಂಕುಳು, ಕುತ್ತಿಗೆಯ ಮಡಿಕೆ, ಕಡಲೆಹಿಟ್ಟು, ಮತ್ತೆ ನೀರು. ಅಂಗೈಯಷ್ಟೇ ಇದ್ದ ಬೆನ್ನು ಬಿಸಿನೀರಿಗೆ ಕೆಂಪಾಗಿ, ಸಡಿಲವಾಗಿ, ಅವನ ಮೊಣಕಾಲಿಗೆ ಅಂಟಿಕೊಂಡಿತು. ಮುಗಿಯುವಷ್ಟರಲ್ಲಿ ಮಗು ನಿದ್ದೆ ಹೋಗಿತ್ತು.

ನಂದಕುಮಾರ ಅಲ್ಲಾಡದೆ ಕುಳಿತಿದ್ದ. ಗೋಕಿಲಾ ಟವೆಲ್ ಚಾಚಿ ನಿಂತಿದ್ದರೂ ಕೊಡಲು ಮನಸ್ಸು ಬರಲಿಲ್ಲ.

“ಅಪ್ಪಾ” ಎಂದಳು ತೆನ್ಮೊಳಿ, “ನಾನು ಪಾಪಾ ಆಗಿದ್ದಾಗ ನನಗೂ ಹೀಗೇ ಎರೆದ್ರಾ?”

ನಂದಕುಮಾರ ಬಚ್ಚಲ ಗೋಡೆ ನೋಡಿದ. ಗೋಕಿಲಾ ಅವನನ್ನು ಕಾಪಾಡಲಿಲ್ಲ.

“ಅವರು ಭಾನುವಾರ ಭಾನುವಾರ ಬಂದು ನೋಡ್ಕೊಂಡು ಹೋಗ್ತಾ ಇದ್ರು, ಸಾಮಿ.”

ತೆನ್ಮೊಳಿ ಹೆಗಲ ಮೇಲಿನ ಚೀಲ ಸರಿಮಾಡಿಕೊಂಡಳು. “ನೆಂಟರ ಥರ” ಎಂದಳು. ದೂರಿನ ದನಿಯೇನಲ್ಲ, ವಿಷಯ ಅರ್ಥವಾಯಿತು ಎಂಬ ದನಿ. ಶಾಲೆಯ ವ್ಯಾನು ಬಂತು, ಹೋದಳು.

ಆ ದಿನ ನಂದಕುಮಾರ ಬೇಕಾದದ್ದಕ್ಕಿಂತ ಎರಡು ಪಟ್ಟು ಬೆಳ್ಳುಳ್ಳಿ ಸುಲಿದ. ಮಧ್ಯಾಹ್ನ ಗೋಕಿಲಾಳಿಗೆ ಊಟ ಬಡಿಸುವಾಗ, “ಅವಳು ಸ್ನಾನಕ್ಕೆ ಅಳ್ತಿದ್ಲಾ?” ಎಂದು ಕೇಳಿದ.

“ಊರೇ ಕೇಳೋ ಹಾಗೆ” ಎಂದಳು ಗೋಕಿಲಾ. “ನನಗೂ ಅಳು ಬರ್ತಿತ್ತು. ಬಿಡಿ, ನೀವು ಬರೋ ಹೊತ್ತಿಗೆ ಇಬ್ರೂ ಮುಖ ತೊಳ್ಕೊಂಡಿರ್ತಿದ್ವಿ.” ಅವಳು ಅದನ್ನು ನಗುತ್ತಲೇ ಹೇಳಿದಳು. ನಂದಕುಮಾರನಿಗೆ ನಗುವುದು ಕಷ್ಟವಾಯಿತು. ಸಾರು ಇನ್ನೊಂದು ಸೌಟು ಬಡಿಸಿದ.

ಮರುದಿನ ಶನಿವಾರ. ಮಗುವಿನ ಸ್ನಾನ ಮುಗಿದ ಮೇಲೆ ಅವನು ಮಣೆಯಿಂದ ಏಳದೆ ತೆನ್ಮೊಳಿಯನ್ನು ಕರೆದ. “ಬಾ, ನಿನ್ನ ಬಾಕಿ ತೀರಿಸ್ತೀನಿ.” ಐದು ವರ್ಷದ ಹುಡುಗಿ ಗಂಭೀರವಾಗಿ ಅವನ ಕಾಲ ಮೇಲೆ ಅಂಗಾತ ಮಲಗಿದಳು. ಅವಳ ತಲೆ ಅವನ ಪಾದದಾಚೆ ಹೋಯಿತು, ಕಾಲುಗಳು ಅವನ ಹೆಗಲಿಗೆ ಬಂದವು. ಅಳಬೇಕೆಂದು ಅವಳಿಗೆ ಯಾರು ಹೇಳಿಕೊಟ್ಟರೋ, ಚೊಂಬು ಎತ್ತಿದ ಕೂಡಲೇ ಮೂರು ಮನೆಗೆ ಕೇಳುವಂತೆ “ಙೇ” ಎಂದು ಶುರುಮಾಡಿ, ನಡುವೆ ನಕ್ಕು, ಮತ್ತೆ ಶುರುಮಾಡಿದಳು. ನಂದಕುಮಾರನ ಮೊಣಕಾಲು ಅಂದಿನಿಂದ ಮೆಟ್ಟಿಲಿಳಿಯುವಾಗ ಸದ್ದು ಮಾಡುತ್ತದೆ.

ತಿಂಗಳಾಗುವ ಹೊತ್ತಿಗೆ ಅವನ ಕೈ ಪಳಗಿತು. ಪಳಗಿದ್ದಷ್ಟೇ ಆಗಿದ್ದರೆ ಚೆನ್ನಾಗಿತ್ತು. ಬಾಯಿಯೂ ಮರಳಿ ಬಂತು. ಮಗು ನೋಡಲು ಬಂದ ಹೆಂಗಸರನ್ನು ಅವನು ಬಚ್ಚಲ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿಕೊಂಡು, ಒಂದೇ ಕೈಯಲ್ಲಿ ಮಗುವನ್ನು ಮಗುಚಿ ತೋರಿಸಿ, “ಭಯ ಪಡಬಾರ್ದು. ಮಗುವಿಗೆ ಗೊತ್ತಾಗಿಬಿಡುತ್ತೆ” ಎಂದು ಪಾಠ ಹೇಳಿದ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದರು. ಪೆರಿಯನಾಯಕಿ ಮಾತ್ರ ನಗಲಿಲ್ಲ. ಅವಳು ಅವನ ಕೈಗಳನ್ನೇ ಗಮನವಿಟ್ಟು ನೋಡುತ್ತಿದ್ದಳು. ಕಲಾರಸಿಕಳು ಎಂದುಕೊಂಡ ನಂದಕುಮಾರ.

ರಾಮಾತಾಳ್ ಅವರ ಪ್ಲಾಸ್ಟರ್ ಬಿಚ್ಚಿದರು. ನಂದಕುಮಾರ ಕೆಲಸಕ್ಕೆ ಮರಳಿದ. ಮೊದಲ ರಜೆಯ ದಿನ ಬೆಳಿಗ್ಗೆ, ಮಗುವನ್ನು ತಾಯಿಯ ಕೈಗೊಪ್ಪಿಸಿ, ಜಗುಲಿಯಲ್ಲಿ ಕಾಲು ಚಾಚಿ ಪೇಪರ್ ಬಿಡಿಸಿದ. ಆಗ ಗೇಟು ಕಿರುಗುಟ್ಟಿತು. ಪೆರಿಯನಾಯಕಿ ನಿಂತಿದ್ದಳು; ಅವಳ ಪಕ್ಕದಲ್ಲಿ ಮಗಳು ಗೋಮತಿ; ಗೋಮತಿಯ ತೋಳಿನಲ್ಲಿ ಏಳು ತಿಂಗಳ, ಎಂಟು ಕಿಲೋ ತೂಕದ, ಎಣ್ಣೆ ಹಚ್ಚಿ ಮಿರಮಿರ ಮಿಂಚುವ ಒಂದು ಗಂಡುಮಗು. ಅದು ಅವನ ಮೀಸೆಯನ್ನು ದುರುಗುಟ್ಟಿ ನೋಡುತ್ತಿತ್ತು.

“ನಮ್ಮ ಹತ್ರ ಒಂದು ನಿಮಿಷ ನಿಲ್ಲಲ್ಲ ತಮ್ಮಾ” ಎಂದಳು ಪೆರಿಯನಾಯಕಿ. “ಭಯ ಪಟ್ರೆ ಅದಕ್ಕೆ ಗೊತ್ತಾಗಿಬಿಡುತ್ತೆ ಅಂತ ನೀವೇ ಹೇಳಿದ್ರಲ್ಲ. ಗೋಕಿಲಾನ ಕೇಳ್ದೆ. ಆಗ್ಲಿ ಅಂದ್ಲು.”

ನಂದಕುಮಾರ ಪೇಪರ್ ಕೆಳಗಿಟ್ಟು ಒಳಗೆ ಹೋದ. ಗೋಕಿಲಾ ಅಡುಗೆಮನೆಯ ಕಿಟಕಿಯ ಬಳಿ ನಿಂತು, ಎಷ್ಟೋ ವಾರಗಳ ಮೇಲೆ ಬಿಸಿ ಬಿಸಿಯಾಗಿಯೇ ಕಾಫಿ ಕುಡಿಯುತ್ತಿದ್ದಳು.

“ಒಪ್ಕೊಂಡ್ಯಾ?”

“ಕೇಳಿದ್ರು, ಒಪ್ಕೊಂಡೆ.”

“ಎಷ್ಟು ಮನೆಗೆ?”

ಅವಳು ಕಾಫಿಯ ಕೊನೆಯ ಗುಟುಕು ಮುಗಿಸಿದಳು. ಲೋಟ ತೊಳೆದಿಟ್ಟು, “ಬೇಗ ಕೂತ್ಕೊಳ್ಳಿ ಏನುಂಗ” ಎಂದಳು. “ಇದಾದ ಮೇಲೆ ಬರೋ ಮಗುವಿಗೂ ನೀರು ಕಾಯ್ತಾ ಇದೆ.”